ಹರತಾಳದಂದು ಬಂದ ಸಿಲಿಂಡರ್

"ಸೋಡಕ್ಕೆ ತುಂಬಿಸುವ ಗ್ಯಾಸಿನಲ್ಲಿ ಮನುಷ್ಯರ ನರ ಬೆಳೆಸುವುದಾ? ತಮಾಷೆ ಮಾಡ್ಬೇಡಿ ಮಾರಾಯ್ರೆ!"

ಹೊಸಂಗಡಿಯ ಧನರಾಜ ಕಾಸರಗೋಡಿನ ಆ ಲ್ಯಾಬಿಗೆ ಮೊದಲ ಸಲ ಸಿಲಿಂಡರ್ ಇಳಿಸಿದಾಗ ಹೇಳಿದ ಮಾತದು. 2015ನೇ ಇಸವಿ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಭವ್ಯಶ್ರೀಗೆ ನಗು ತಡೆಯಲಾಗಲಿಲ್ಲ. ಐದು ದಿನದ ಭ್ರೂಣದಿಂದ ಬಂದ ಕೋಶಗಳು ಏನು ಬೇಕಾದರೂ ಆಗಬಲ್ಲವು, ಅವನ್ನು ನರಕೋಶವಾಗುವ ದಾರಿಗೆ ಹಚ್ಚುವುದೇ ತನ್ನ ಕೆಲಸ ಎಂದಳು.

"ಹೊಡೆದು ಕಲಿಸುವುದಾ?"

"ಇಲ್ಲಪ್ಪ. ಮದ್ದು ಹಾಕಿ ಬೇರೆ ದಾರಿಗಳನ್ನು ಮುಚ್ಚುವುದು. ಉಳಿದದ್ದನ್ನು ಅವೇ ಹಿಡೀತವೆ."

"ನಮ್ಮಮ್ಮ ನಂಗೂ ಹಾಗೇ ಮಾಡಿದ್ದು. ಗಲ್ಫ್ ಮುಚ್ಚಿದ್ರು, ಬೊಂಬಾಯಿ ಮುಚ್ಚಿದ್ರು. ಉಳಿದದ್ದು ಈ ಸೋಡ ಗ್ಯಾಸು!"

ಅಂದಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ. ಅವಳ ಮುಖವನ್ನೊಮ್ಮೆ ನೋಡಿ, ಸಿಕ್ಕಿಬಿದ್ದವನಂತೆ ಮೀಟರಿನತ್ತ ತಿರುಗುತ್ತಿದ್ದ. ಹೋಗುವಾಗ ಅದದೇ ಪಾಠ: "ಮೀಟರಿನ ಮುಳ್ಳನ್ನು ನಂಬಬೇಡಿ. ಈ ಗ್ಯಾಸು ಒಳಗೆ ನೀರಾಗಿ ಇರ್ತದೆ. ಮುಗಿಯುವ ತನಕ ಮುಳ್ಳು ಅಲ್ಲಾಡುವುದಿಲ್ಲ, ಮತ್ತೆ ಒಮ್ಮೆಗೇ ಬೀಳ್ತದೆ. ತೂಗಿಯೇ ನೋಡ್ಬೇಕು."

ಎಂಎಸ್ಸಿ ಓದಿದ ಭವ್ಯಶ್ರೀ ನಂಬಿದ್ದು ಮುಳ್ಳನ್ನೇ.

ಮರುವರ್ಷದ ಒಂದು ಹರತಾಳದ ದಿನ, ಬೆಳಗ್ಗೆ ಹತ್ತಕ್ಕೆ, ಮುಳ್ಳು ಸೊನ್ನೆಗೆ ಬಿದ್ದಿತ್ತು. ಕೋಶಗಳಿಗೆ ಅಂದು ಒಂಬತ್ತನೆಯ ದಿನ. ಹಿಂದೆ ಎರಡು ಸಲ ಬೆಳೆಸಿದವು ಸತ್ತಿದ್ದವು. ಇದೇ ಕೊನೆಯ ಅವಕಾಶ ಎಂದು ಗೈಡ್ ಹೇಳಿಯಾಗಿತ್ತು. ತಟ್ಟೆಯಲ್ಲಿದ್ದ ಕೆಂಪು ದ್ರವ ಗ್ಯಾಸಿಲ್ಲದೆ ಆಗಲೇ ನೇರಳೆಯತ್ತ ಹೊರಳುತ್ತಿತ್ತು. ರಸ್ತೆಯಲ್ಲಿ ಒಂದು ಗಾಡಿಯಿಲ್ಲ. ಆದರೂ ಧನರಾಜನಿಗೆ ಫೋನ್ ಮಾಡಿದಳು.

"ಎಷ್ಟು ಹೊತ್ತು ಉಂಟು?" ಅವನು ಕೇಳಿದ್ದು ಅಷ್ಟೇ.

"ಎರಡು ಗಂಟೆ."

ಒಂದೂವರೆ ಗಂಟೆಯಲ್ಲಿ ಪಿಕಪ್ ಬಂದು ನಿಂತಿತು. ಬಾನೆಟ್ಟಿಗೆ ಗೊಂಡೆ ಹೂವಿನ ಮಾಲೆ, ಮುಂದಿನ ಗಾಜಿಗೆ ಅಂಟಿಸಿದ ಕಾಗದದಲ್ಲಿ ಮಲಯಾಳದಲ್ಲೂ ಕನ್ನಡದಲ್ಲೂ 'ಮದುವೆ'. ಹರತಾಳದಲ್ಲೂ ಮದುವೆ ಗಾಡಿಯನ್ನು ಬಿಟ್ಟುಬಿಡುತ್ತಾರೆ.

ಕೋಶಗಳಿದ್ದ ಇನ್‌ಕ್ಯುಬೇಟರಿಗೆ ಸಿಲಿಂಡರ್ ಜೋಡಿಸಿ ಕಾದರು. ನೇರಳೆ ಇಳಿದು ಮೆಲ್ಲನೆ ಕೆಂಪು ಮರಳಿತು. ಅವಳು ತಟ್ಟೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ಅವನನ್ನು ಕರೆದಳು. ನಡುವೊಂದು ಚುಕ್ಕೆ, ಸುತ್ತಲೂ ಎಸಳಿನಂತೆ ಕೋಶಗಳು, ನರವಾಗಲು ಹೊರಟವು.

"ಅಯ್ಯೋ, ಗಾಡಿಗೆ ಕಟ್ಟಿದ ಗೊಂಡೆಯ ಹಾಗೆಯೇ ಉಂಟಲ್ಲ!"

ಅವಳ ಕಣ್ಣು ತುಂಬಿತು. ಅದನ್ನು ಮುಚ್ಚಲೆಂದೇ ಕೇಳಿದಳು, "ದಾರಿಯಲ್ಲಿ ಯಾರೂ ನಿಲ್ಲಿಸ್ಲಿಲ್ವಾ?"

"ಎರಡು ಕಡೆ ನಿಲ್ಲಿಸಿದ್ರು. ಯಾರ ಮದುವೆ ಅಂತ ಕೇಳಿದ್ರು. ನನ್ನದೇ ಅಂದೆ."

"ಹುಡುಗಿ ಎಲ್ಲಿ ಅಂತ ಕೇಳ್ಲಿಲ್ವಾ?"

"ಕೇಳಿದ್ರು." ಅವನು ಮೀಟರಿನತ್ತ ತಿರುಗಿದ. "ಲ್ಯಾಬಿನಲ್ಲಿ ಕಾಯ್ತಿದ್ದಾಳೆ ಅಂದೆ."

ಅವಳು ಮೈಕ್ರೋಸ್ಕೋಪಿನ ದೀಪ ಆರಿಸಿದಳು.

"ಒಂದು ವರ್ಷ ಎಂತ ಕೂಡ ಹೇಳ್ಲಿಲ್ಲ ನೀವು."

"ಮುಳ್ಳು ನೋಡ್ತಾ ಕೂತವರಿಗೆ ಎಂತ ಹೇಳುವುದು?"

ಭವ್ಯಶ್ರೀ ತಟ್ಟೆಯನ್ನು ಇನ್‌ಕ್ಯುಬೇಟರಿನ ಒಳಗಿಟ್ಟು ಬಾಗಿಲು ಹಾಕಿದಳು. ಗಾಡಿಯ ತನಕ ಅವನ ಜೊತೆಗೇ ನಡೆದಳು.

"ವಾಪಸ್ ಹೋಗುವಾಗ ಮತ್ತೆ ಕೇಳಿದ್ರೆ?" ಎಂದ ಧನರಾಜ, ಕೀ ಹಿಡಿದು.

"ಇನ್ನು ಮೂರು ದಿನ ಅವಳಿಗೆ ಕೋಶಗಳನ್ನು ಬಿಟ್ಟು ಬರ್ಲಿಕ್ಕಾಗುದಿಲ್ಲ ಅಂತ ಹೇಳಿ. ಭಾನುವಾರ ಕುಂಜತ್ತೂರಿನ ತನ್ನ ಮನೆಯಲ್ಲಿ ಇರ್ತಾಳೆ, ನಿಮ್ಮಮ್ಮನನ್ನು ಕರ್ಕೊಂಡು ಬರ್ಲಿಕ್ಕೆ ಹೇಳಿದ್ದಾಳೆ ಅಂತಲೂ ಹೇಳಿ."

ಗಾಜಿನ ಮೇಲಿನ ಕಾಗದದ ಒಂದು ಮೂಲೆ ಗಾಳಿಗೆ ಎದ್ದಿತ್ತು. ಅವಳು ಹೆಬ್ಬೆರಳಿನಿಂದ ಅದನ್ನು ಒತ್ತಿ, ಗಟ್ಟಿಯಾಗಿ ಅಂಟಿಸಿದಳು.