ಎಡಗಾಲಿನ ಪೆಡಲ್

"ದೊಡ್ಡದು ನಿಮಗೆ ಬೇಡ."

ಯಂತ್ರ ಕಟ್ಟುವವನು ಹೇಳಿದ್ದು ಅಷ್ಟೇ. ಅವಳ ಕಿವಿ ಬಿಸಿಯಾಯಿತು.

ಕಾದ ಉಕ್ಕನ್ನು ಒತ್ತುವ ಹೈಡ್ರಾಲಿಕ್ ಪ್ರೆಸ್ ಕಟ್ಟಿ ಮಾರುವ ಆ ಶೆಡ್ಡಿಗೆ ಅವಳು ಸುಮ್ಮನೆ ಬಂದಿರಲಿಲ್ಲ. ಅಪ್ಪ ಬಿಟ್ಟುಹೋದ ಕುಲುಮೆಯಲ್ಲಿ ಹತ್ತು ವರ್ಷದಿಂದ ಚಾಕು ಮಾಡುತ್ತಿದ್ದಳು. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಪೇರಿಸಿ, ಹಳದಿಯಾಗುವಂತೆ ಕಾಯಿಸಿ, ಬಡಿದು ಒಂದೇ ತುಂಡಾಗಿ ಬೆಸೆಯುವುದು ಅವಳ ವಿದ್ಯೆ. ಈಗ ಬಲಭುಜ ಸೋತಿತ್ತು. ಇನ್ನು ಸುತ್ತಿಗೆ ಮುಟ್ಟಬಾರದು ಎಂದಿದ್ದರು ಡಾಕ್ಟರು. ಸರಿಯಾದ ಪ್ರೆಸ್ ಸಿಗದಿದ್ದರೆ ಕುಲುಮೆಗೆ ಬೀಗವೇ ಗತಿ.

"ಯಾಕೆ ಬೇಡ? ಐವತ್ತು ಟನ್ನಿಂದು ಅಲ್ಲೇ ನಿಂತಿದೆಯಲ್ಲ."

"ಯಾರು ನಡೆಸೋದು?"

"ನಾನೇ."

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿಮ್ಮ ಎತ್ತರ ಎಷ್ಟು?"

"ನಾನು ಯಂತ್ರ ನೋಡೋಕೆ ಬಂದಿದ್ದು. ನನ್ನನ್ನ ನೋಡಿಸ್ಕೊಳ್ಳೋಕಲ್ಲ."

ಅವನ ಮುಖ ಕೆಂಪಾಯಿತು. ಸೀಮೆಸುಣ್ಣ ತೆಗೆದು ನೆಲದ ಮೇಲೆ ಬರೆದ: ಇಪ್ಪತ್ತೈದು ಟನ್, ಐದು ಸೆಕೆಂಡ್. ಐವತ್ತು ಟನ್, ಹತ್ತು ಸೆಕೆಂಡ್. ಎಲ್ಲಕ್ಕೂ ಹೀಗೆ ಬರೆಯುತ್ತಾನೆಂದೇ ಸುತ್ತಲಿನವರು ಅವನನ್ನು ಮೇಷ್ಟ್ರು ಎನ್ನುತ್ತಿದ್ದರು.

ಅವಳು ಆ ಅಂಕಿಗಳನ್ನು ದಾಟಿ ಹೊರಟುಹೋದಳು.

ಮನೆಯಲ್ಲಿ ಅಮ್ಮ ಕೇಳಿದಳು. "ಯಾಕೇ, ಮುಖ ಕೆಂಡ ಆಗಿದೆ?"

"ಹೆಂಗಸಿಗೆ ದೊಡ್ಡ ಯಂತ್ರ ಕೊಡಲ್ವಂತೆ."

"ಹಾಗಂತ ಅಂದ್ನಾ?"

"ಬಾಯಿ ಬಿಟ್ಟು ಬೇರೆ ಹೇಳಬೇಕಾ?"

"ನಿಮ್ಮಪ್ಪಂದೇ ಬುದ್ಧಿ. ಕಬ್ಬಿಣ ಆದ್ರೆ ಹತ್ತು ಸಲ ತಟ್ಟಿ ನೋಡೋರು. ಮನುಷ್ಯರನ್ನ ಮಾತ್ರ ದೂರದಿಂದಲೇ ಬಿಸಾಕೋರು."

ಅವಳು ಎದ್ದು ಕುಲುಮೆಯ ಬೂದಿ ತೆಗೆಯಲು ಹೋದಳು.

ನಾಲ್ಕು ದಿನ ಕಳೆದ ಮೇಲೆ ಎಡಗೈಯಲ್ಲೇ ಒಂದು ಸಣ್ಣ ತುಂಡು ಬಡಿದಳು. ಆರಿದ ಮೇಲೆ ತಟ್ಟಿದರೆ ಮಂಕು ಸದ್ದು. ಒಳಗೆ ಪದರ ಬಿಟ್ಟಿತ್ತು...

ಆಗ ನೆನಪಾದವು ಆ ಸೀಮೆಸುಣ್ಣದ ಅಂಕಿಗಳು. ಇನ್ನೊಂದು ತುಂಡನ್ನು ಹಳದಿಯಾಗುವವರೆಗೆ ಕಾಯಿಸಿದಳು.

"ಅಮ್ಮಾ, ಇದನ್ನ ಹೊರಗೆ ತೆಗೀತೀನಿ. ಗಡಿಯಾರ ನೋಡಿ ಎಣಿಸು."

ಅಮ್ಮ ಎಂಟು ಅನ್ನುವಷ್ಟರಲ್ಲಿ ಹಳದಿ ಇಳಿದು ಕೆಂಪಾಗಿತ್ತು. ಬೆಸೆಯುವ ಶಾಖ ಇರುವುದು ಎಂಟೇ ಸೆಕೆಂಡ್. ಅದೇ ಮೋಟರಿಗೆ ದೊಡ್ಡ ಸಿಲಿಂಡರ್ ಹಾಕಿದರೆ ಒತ್ತಡ ಹೆಚ್ಚುತ್ತದೆ, ಇಳಿಯುವ ವೇಗ ಕುಗ್ಗುತ್ತದೆ. ಹತ್ತು ಸೆಕೆಂಡಿಗೆ ಇಳಿಯುವ ಪ್ರೆಸ್ ಒತ್ತುವುದು ತಣಿದ ಉಕ್ಕನ್ನು. ಐವತ್ತು ಟನ್ ಇದ್ದೇನು ಬಂತು?

'ಅವನು ನನ್ನನ್ನು ತೂಗಲಿಲ್ಲ. ಉಕ್ಕನ್ನು ತೂಗಿದ.'

ಮರುದಿನ ಬೆಳಿಗ್ಗೆಯೇ ಶೆಡ್ಡಿಗೆ ಹೋದಳು. ಮೂಲೆಯಲ್ಲಿ ಇಪ್ಪತ್ತೈದು ಟನ್ನಿನ ಹೊಸದೊಂದು ಪ್ರೆಸ್ ನಿಂತಿತ್ತು. ಅದರ ಮೇಜು ತಗ್ಗು, ಪೆಡಲ್ ಎಡಕ್ಕೆ. ಅದರ ಮುಂದೆ ನಿಂತಳು. ಮೊಣಕೈ ಸರಿಯಾಗಿ ಮೇಜಿನ ಮಟ್ಟಕ್ಕೆ ಬಂತು. ಎಡಗಾಲು ತಾನಾಗಿ ಪೆಡಲಿನ ಮೇಲೆ ಕುಳಿತಿತು.

"ಆವತ್ತು ನೀವು ಬಲಗಾಲಿಗೆ ಭಾರ ಕೊಟ್ಟು ನಿಂತಿದ್ರಿ," ಹಿಂದಿನಿಂದ ಅವನ ದನಿ. "ಎಡಗಾಲು ಬಿಡುವಾಗಿತ್ತು."

"ಎತ್ತರ? ನಾನು ಹೇಳಲೇ ಇಲ್ಲ."

"ಸಿಟ್ಟಲ್ಲಿ ಬಾಗಿಲು ದಾಟುವಾಗ ಚಿಲಕದ ಮಟ್ಟಕ್ಕೆ ಮೊಣಕೈ ಬಂತು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾನು ವಾಪಸ್ ಬರದೇ ಇದ್ದಿದ್ರೆ? ಇದನ್ನ ಬೇರೆ ಯಾರು ತಗೋತಿದ್ರು?"

"ಯಾರೂ ಇಲ್ಲ."

"ಗೊತ್ತಿದ್ದೂ ಮಾಡಿದ್ರಾ?"

"ಅದೊಂದು ಲೆಕ್ಕ ಮಾತ್ರ... ಬರೆದು ನೋಡಲಿಲ್ಲ."

ವಾರದೊಳಗೆ ಪ್ರೆಸ್ ಕುಲುಮೆಗೆ ಬಂತು. ಅವಳು ಹಳದಿಯಾದ ತುಂಡನ್ನು ಇಕ್ಕಳದಲ್ಲಿ ತಂದಿಟ್ಟಳು. ಅವನು ಪಕ್ಕದಲ್ಲಿ ನಿಂತಿದ್ದ.

"ಮೊದಲನೇ ಸಲ ಮೆಲ್ಲಗೆ. ಜೋರು ಮಾಡಿದ್ರೆ ಪದರ ಜಾರುತ್ತೆ."

"ಗೊತ್ತು ಮೇಷ್ಟ್ರೇ."

ಎಡಗಾಲು ಒತ್ತಿದಳು. ಭುಜ ನೋಯಲಿಲ್ಲ.

ತುಂಡು ಪೂರ್ತಿ ಆರುವವರೆಗೆ ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕುಳಿತರು. ಆಮೇಲೆ ಅವಳು ಅದನ್ನು ತಂತಿಗೆ ತೂಗುಹಾಕಿ ತಟ್ಟಿದಳು.

ಟಣ್... ಸದ್ದು ತುಂಬಾ ಹೊತ್ತು ಉಳಿಯಿತು.

"ಅಂಟ್ಕೊಂಡ್ವಲ್ಲ, ಸದ್ಯ," ಎಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮ. ಅವಳ ಕಣ್ಣು ತುಂಡಿನ ಮೇಲಿರಲಿಲ್ಲ. ಏನೋ ಒಲೆ ಮೇಲಿದೆ ಎಂದು ಒಳಗೆ ಹೋದಳು.

ಅವನು ಸ್ಪಾನರುಗಳನ್ನು ಚೀಲಕ್ಕೆ ತುಂಬಿದ. ತುಂಬಿದ್ದನ್ನು ತೆಗೆದು ಮತ್ತೆ ಜೋಡಿಸಿದ. "ಪ್ರೆಸ್ ಸರಿ ಹೋಯ್ತು. ಇನ್ನು ಇಲ್ಲಿಗೆ ಬರೋಕೆ ನೆಪ ಇಲ್ಲ."

"ನೆಪ ಯಾಕೆ ಬೇಕು?"

"ನೀವು ಇಷ್ಟ ಆಗಿದ್ದೀರಿ ಅಂತ ನೇರವಾಗಿ ಹೇಳೋ ಧೈರ್ಯ ಇಲ್ಲದೋರಿಗೆ ಬೇಕಾಗುತ್ತೆ."

"ಈಗ ಹೇಳಿದ್ರಲ್ಲ."

ಅವನು ಚೀಲ ಕೆಳಗಿಟ್ಟ. "ಹೌದಲ್ವಾ."

ಅವಳು ಇಕ್ಕಳ ಕೆಳಗಿಟ್ಟು ಅವನ ಎದುರಿಗೆ ಬಂದು ನಿಂತಳು.

"ಆವತ್ತು ನೋಡಿಸ್ಕೊಳ್ಳೋಕೆ ಬಂದಿಲ್ಲ ಅಂದಿದ್ದೆ. ಇವತ್ತು ನೋಡಬಹುದು."

ಅವನು ನೋಡಿದ. ಈ ಸಲ ಅಳೆಯಲಿಲ್ಲ.

"ಎತ್ತರ ಎಷ್ಟು ಅಂತ ಕೇಳಲ್ವಾ?"

"ಗೊತ್ತು," ಎಂದ ಅವನು. "ನನ್ನ ಭುಜದವರೆಗೆ."