ಬಾಗಿಲು ಬಿಡದ ನಕ್ಷೆ

"ಗೆರೆ ಕೂಡಿಸ್ಬೇಡಪ್ಪ. ಒಂದೊಂದು ಮನೆಗೂ ಬಾಗಿಲಷ್ಟು ಜಾಗ ಬಿಡು," ಎಂದಳು ಹಳೆಯ ದಾಖಲೆಗಳನ್ನು ಕಾಯುವ ಅಜ್ಜಿ.

ನಕ್ಷೆಗಾರ ನಕ್ಕ. "ಯಾಕಜ್ಜಿ, ಒಳಗಿರೋರಿಗೆ ಗಾಳಿ ಬೇಕಾ?"

ಅವನು ಊರಿಗೆ ಬಂದು ತಿಂಗಳಾಗಿತ್ತಷ್ಟೇ. ಬಹಳ ಹಿಂದಿನ ಯುದ್ಧದಲ್ಲಿ ಸುಟ್ಟುಹೋದ ನೇಕಾರರ ಕೇರಿಯನ್ನು ಅವನು ಕಾಗದದ ಮೇಲೆ ಮತ್ತೆ ಎಬ್ಬಿಸಬೇಕಿತ್ತು. ನೆನಪಿಗೆಂದು ಅದನ್ನು ಕಲ್ಲಿನಲ್ಲಿ ಕೆತ್ತಿಸುವವರಿದ್ದರು.

ಅಜ್ಜಿ ನಗದೆ ಹಳೆಯ ಕತೆ ಹೇಳಿದಳು. ಪರದೇಶಿ ದೊರೆಗಳ ಸೈನಿಕರು ಆ ಕೇರಿಯ ಬಾಗಿಲುಗಳಿಗೆಲ್ಲ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟಿದ್ದರು. ಆಮೇಲೆ ಅವರ ಮೋಜಣಿದಾರ ಬೂದಿಯ ಮೇಲೆ ನಿಂತು, ನೂರಾಹತ್ತು ಮನೆಗಳನ್ನು ನೂರಾಹತ್ತು ಮುಚ್ಚಿದ ಚೌಕಗಳಾಗಿ ಬರೆದುಕೊಂಡ. ಬದುಕುಳಿದ ಒಬ್ಬಳೇ ಸೂಲಗಿತ್ತಿ ಅವನ ಮುಖಕ್ಕೆ ಬಿಸಿಬೂದಿ ಎರಚಿ ಶಪಿಸಿದಳು: ನಮ್ಮನ್ನು ಒಳಗಿಟ್ಟು ಗೆರೆ ಎಳೆದವನ ಮನೆಗೆ ಬಾಗಿಲಿಲ್ಲದಂತಾಗಲಿ.

"ಅವನ ಹೆಂಡತಿ ಮಕ್ಕಳು ನಾಲ್ಕು ಗೋಡೆ ಮಧ್ಯೆನೇ ಸತ್ರು. ಆ ಸೂಲಗಿತ್ತಿ ನಮ್ಮಜ್ಜಿ ಕಣಪ್ಪ."

"ಕತೆಗೆ ಕಾಲಿಲ್ಲ ಅಂತಾರೆ. ನಿಮ್ಮ ಕತೆಗೆ ಬಾಗಿಲೂ ಇಲ್ವಲ್ಲ ಅಜ್ಜಿ!"

ಅವನು ಬಾಡಿಗೆಗಿದ್ದ ಮನೆಯೂ ಅದೇ ಬೂದಿಯ ಮೇಲೆ ಎದ್ದದ್ದು. ಅಲ್ಲಿ ಏಳು ತಿಂಗಳ ಬಸುರಿ ಹೆಂಡತಿ ಒಬ್ಬಳೇ ಇದ್ದಳು.

ಬಾಯಿಬಿಟ್ಟ ಗೆರೆ ಕೆಟ್ಟ ಕೆಲಸ ಎಂದು ಅವನ ಗುರು ಕೈಮೇಲೆ ಹೊಡೆದು ಕಲಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಚೌಕದ ಕೊನೆಯ ಮೂಲೆ ಕೂಡಿತು.

ಸುಟ್ಟ ಹತ್ತಿಯ ವಾಸನೆ ಬಂತು. ಅದರ ಹಿಂದೆಯೇ ಸುಟ್ಟ ಕೂದಲಿನದು. ಕಿಟಕಿಯ ಬಿಸಿಲು ಮಸಿ ಬಡಿದಂತೆ ಕಪ್ಪಾಯಿತು. ಫೋನು ಹೊಡೆದುಕೊಂಡಿತು.

"ರೀ, ಬಾಗಿಲೆಲ್ಲಿ?"

"ಯಾವ ಬಾಗಿಲೇ?"

"ನಮ್ಮನೆದು ರೀ! ಬರೀ ಗೋಡೆ ಇದೆ. ಕಿಟಕಿನೂ ಇಲ್ಲ. ಗೋಡೆ ಸುಡ್ತಿದೆ. ಆಚೆ ಕಡೆ ಯಾರೋ ತುಂಬಾ ಜನ ಕೆಮ್ತಿದ್ದಾರೆ..."

ಅವನು ಫೋನನ್ನು ಮೇಜಿನ ಮೇಲಿಟ್ಟು ಬ್ಲೇಡು ಹಿಡಿದ. ಈ ನೂರಾಹತ್ತರಲ್ಲಿ ತನ್ನ ಮನೆ ಯಾವುದರ ಮೇಲಿದೆ? ಗೊತ್ತಿಲ್ಲ. ಮೊದಲನೆಯ ಚೌಕದ ಗೆರೆಯನ್ನು ಬಾಗಿಲಷ್ಟು ಹೆರೆದ. ಕಾಗದದ ಸೀಳಿನಿಂದ ಹೊಗೆ ಬಂತು. ಎರಡು. ಹತ್ತು. ಬೆರಳು ಕೊಯ್ದಿತು. ಮೂವತ್ತು. ರಕ್ತ, ಮಸಿ ಒಂದಾದವು. ಫೋನಿನಲ್ಲಿ ಅವಳ ಕೆಮ್ಮು ಸಣ್ಣದಾಗುತ್ತಿತ್ತು.

ಅಜ್ಜಿ ಓಡಿಬಂದು ಅವನ ತೋಳು ಜಗ್ಗಿದಳು. "ಈಗ ತೆರೀಬೇಡಪ್ಪಾ! ಬೆಂಕಿ ಇಟ್ಟೋರು ಇನ್ನೂ ಹೊರಗೆ ನಿಂತಿದ್ದಾರೆ!"

ಅವಳನ್ನು ದೂಡಿದ. ಎಪ್ಪತ್ತು. ಎಪ್ಪತ್ತೊಂದು.

"ಬಾಗಿಲು! ಬಾಗಿಲು ಬಂತು ರೀ!" ಅವಳು ಅಳುತ್ತ ನಕ್ಕಳು. "ಹೊರಗೆ ಬಂದ್ಬಿಟ್ಟೆ."

ಅವನು ಫೋನನ್ನು ಕಿವಿಗಿಟ್ಟುಕೊಂಡ. ಬ್ಲೇಡು ಬಿತ್ತು. ಫೋನಿನಲ್ಲಿ ಗಾಳಿಯ ಮೊರೆತ. ಉರಿಯುವ ಮರದ ಚಟಪಟ. ಬೂಟುಗಳ ಸದ್ದು. ತಿಳಿಯದ ಭಾಷೆಯಲ್ಲಿ ಯಾರೋ ಕೂಗಿದರು.

"ರೀ..." ಎಂದಳು ಅವಳು ಮೆಲ್ಲಗೆ. "ಇದು ನಮ್ಮ ಬೀದಿ ಅಲ್ಲ."