ಗಾಲಿಕುರ್ಚಿಯಡಿಯ ಪಿಸ್ತೂಲು

ಅಕ್ಟೋಬರ್ ಇಪ್ಪತ್ತೊಂದು, ಸೋಮವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ವೆಂಡಲ್ ಸ್ಟ್ರೌಡ್ ತನ್ನ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಕಾಲ್ವರ್ ಕೌಂಟಿಯ ಷರೀಫ್ ಕಚೇರಿಗೆ ಬಂದ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲವಿಟ್ಟು, ತನ್ನ ಪಿಸ್ತೂಲು ಕಳುವಾಗಿದೆ, ದೂರು ಬರೆದುಕೊಳ್ಳಿ ಎಂದ.

ಓಕ್ಲಹೋಮಾದ ಆ ಮೂಲೆಯಲ್ಲಿ ಪಿಸ್ತೂಲು ಕಳೆಯುವುದು ದನ ಬೇಲಿ ಹಾರಿದಷ್ಟೇ ಸಾಮಾನ್ಯ. ಆದರೆ ಹಿಂದಿನ ದಿನ ಸಂಜೆ ಐದಕ್ಕೆ ಕೋಯ್ ಡಾರ್ನೆಲ್ ಎಂಬವನು ತನ್ನ ಕುದುರೆ ಲಾಯದ ಮುಂದೆ ಎರಡು ಗುಂಡು ತಿಂದು ಸತ್ತು ಬಿದ್ದಿದ್ದು ಕಂಡಿತ್ತು. ಪಕ್ಕದಲ್ಲಿ ಸಿಕ್ಕಿದ್ದು ಒಂಬತ್ತು ಮಿಲಿಮೀಟರಿನ ಎರಡು ಖಾಲಿ ತೋಟಾ. ವೆಂಡಲ್‌ನ ಪಿಸ್ತೂಲೂ ಅದೇ ಅಳತೆಯದು.

ದೂರು ಬರೆದುಕೊಳ್ಳಲು ಕುಳಿತವಳು ತನಿಖಾಧಿಕಾರಿ ನೋರಾ ಟೀಗ್. ವಯಸ್ಸು ಐವತ್ತನಾಲ್ಕು, ಅದರಲ್ಲಿ ಇಪ್ಪತ್ತೆರಡು ವರ್ಷ ಇದೇ ಕಚೇರಿಯಲ್ಲಿ ಕಳೆದಿದ್ದವು. ವೆಂಡಲ್ ಮತ್ತು ಅವಳು ಒಂದೇ ಬ್ಯಾಪ್ಟಿಸ್ಟ್ ಚರ್ಚಿನವರು. ವಿದ್ಯುತ್ ಕಂಬ ಹತ್ತುತ್ತಿದ್ದ ಆಳು ಅವನು. ಆರು ವರ್ಷದ ಹಿಂದೆ ಕಂಬದಿಂದ ಬಿದ್ದು ಹೊಟ್ಟೆಯಿಂದ ಕೆಳಗೆ ಚಲನೆಯೂ ಸ್ಪರ್ಶಜ್ಞಾನವೂ ಇಲ್ಲದವನಾಗಿದ್ದ.

“ಎಲ್ಲಿಟ್ಟಿದ್ದೆ?”

“ಕುರ್ಚಿ ಅಡೀಲಿ.”

“ಮೈಮೇಲೆ ಯಾಕಿಟ್ಕೊಳ್ಳಲಿಲ್ಲ?”

ವೆಂಡಲ್ ಎಲ್ಲವನ್ನೂ ಹೇಳಿದ. ಎರಡು ವರ್ಷದ ಹಿಂದೆ ಪೇಟೆಯ ಅಂಗಡಿಯೊಂದರ ಮುಂದೆ ಇಬ್ಬರು ಅವನ ಕುರ್ಚಿಯನ್ನು ಹಿಂದಕ್ಕೆ ಮಗುಚಿ, ಆಮೆಯಂತೆ ಬಿದ್ದವನ ಜೇಬು ಬರಿದು ಮಾಡಿ ನಗುತ್ತ ಹೋಗಿದ್ದರು. ಅಂದಿನಿಂದ ಪರವಾನಗಿ ಪಡೆದು ಪಿಸ್ತೂಲು ಇಟ್ಟುಕೊಂಡ. ಇಟ್ಟುಕೊಳ್ಳುವುದೆಲ್ಲಿ ಎನ್ನುವುದೇ ದೊಡ್ಡ ಪಾಡಾಯಿತು. ಸೊಂಟದ ಬದಿಗೆ ಕಟ್ಟಿದರೆ ಕುರ್ಚಿಯ ಕೈ ಅಡ್ಡ ಬರುತ್ತದೆ. ಕಂಕುಳಿಗೆ ಕಟ್ಟಿದರೆ, ಗಾಲಿ ತಳ್ಳಿದಾಗಲೆಲ್ಲ ಕೋಟು ಸರಿದು ಊರಿಗೆಲ್ಲ ಕಾಣುತ್ತದೆ. ಬೆನ್ನ ಹಿಂದಿನ ಚೀಲದಲ್ಲಿಟ್ಟರೆ ಹಿಂದೆ ನಿಂತವನಿಗೆ ದಾನ ಕೊಟ್ಟ ಹಾಗೆ. ಕೊನೆಗೆ ಹೊಟ್ಟೆಗೆ ಪಟ್ಟಿ ಬಿಗಿದು ಅದರಲ್ಲಿಟ್ಟ. ಬೇಸಿಗೆಯಲ್ಲಿ ಆ ಜಾಗ ಒತ್ತಿ ಒತ್ತಿ ಹುಣ್ಣಾಯಿತು. ನೋವು ತಿಳಿಯದ ಮೈಯಲ್ಲಿ ಹುಣ್ಣು ಆಳಕ್ಕಿಳಿದ ಮೇಲಷ್ಟೇ ಗೊತ್ತಾಯಿತು. ಮೂರು ವಾರ ಆಸ್ಪತ್ರೆ. ಗಟ್ಟಿಯಾದದ್ದೇನೂ ಮೈಗೆ ತಾಗಬಾರದು ಎಂದಳು ನರ್ಸು. ಆಮೇಲೆ ಆಸನದ ಅಡಿಯಲ್ಲಿ, ಮೊಣಕಾಲುಗಳ ನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ ತೊಗಲಿನ ಚೀಲವೊಂದನ್ನು ಹೊಲಿಸಿಕೊಂಡ. ಅದರ ಗುಂಡಿ ಒಳಮಗ್ಗುಲಲ್ಲಿ. ಗುಟ್ಟು ಗೊತ್ತಿದ್ದವರಿಗೇ ತೆರೆಯುವಂಥದು.

“ಹೊಲಿದೋರು ಯಾರು?”

“ಬೇರೆ ಏನಾದ್ರೂ ಕೇಳು, ನೋರಾ.”

ಅವಳು ಆ ಜಾಗವನ್ನು ಖಾಲಿ ಬಿಟ್ಟು ಮುಂದಕ್ಕೆ ಬರೆದಳು. ಭಾನುವಾರ ರಾತ್ರಿ ಒಂಬತ್ತಕ್ಕೆ ಪಿಸ್ತೂಲನ್ನು ಬೀಗದ ಪೆಟ್ಟಿಗೆಗೆ ಹಾಕಲು ಹೋದಾಗ ಕಳವು ಗೊತ್ತಾಯಿತಂತೆ. ಗುಂಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿದ್ದುದು ಮಾತ್ರ ಈ ಪ್ಲಾಸ್ಟಿಕ್ ಚೀಲದಲ್ಲಿರುವುದು: ಪಿಸ್ತೂಲಿನ ಆಕಾರಕ್ಕೆ ಕತ್ತರಿಸಿದ ದಪ್ಪ ತೊಗಲಿನ ತುಂಡು. ಕುರ್ಚಿಯ ಮೇಲೆ ಕೂತವನು ಅಡಿಗೆ ಕೈ ಹಾಕಿ ಮುಟ್ಟಿ ನೋಡಿದರೆ, ಇದೆ ಎಂದೇ ತಿಳಿಯಬೇಕು.

“ಆಗಲೇ ಯಾಕೆ ಫೋನ್ ಮಾಡಲಿಲ್ಲ?”

“ಅಷ್ಟೊತ್ತಿಗೆ ಕೋಯ್ ಸುದ್ದಿ ಬಂದಿತ್ತು. ಕೂತು ಯೋಚ್ನೆ ಮಾಡ್ದೆ.”

ಬೆಳಿಗ್ಗೆ ಒಂಬತ್ತೂವರೆಗೆ ಶವಪರೀಕ್ಷೆಯ ಮೊದಲ ಮಾತು ಬಂತು. ಸತ್ತದ್ದು ಮಧ್ಯಾಹ್ನ ಎರಡರ ಸುಮಾರಿಗೆ. ಗುಂಡುಗಳು ಕೆಳಗಿನಿಂದ ಮೇಲಕ್ಕೆ ಹೊಕ್ಕಿದ್ದವು. ಡೆಪ್ಯುಟಿ ಪೆಲ್ ಕಾಫಿ ಲೋಟ ಕೆಳಗಿಟ್ಟ.

“ಕೂತು ಹೊಡೆದಿರೋದು ಮೇಡಂ. ಈ ಊರಲ್ಲಿ ಯಾವಾಗ್ಲೂ ಕೂತೇ ಇರೋನು ಒಬ್ನೇ.”

“ನೀನೂ ಬೆಳಿಗ್ಗೆಯಿಂದ ಎದ್ದಿಲ್ಲ, ಪೆಲ್.”

ಆದರೆ ಪೆಲ್ ಆಡಿದ್ದನ್ನು ಸುಮ್ಮನೆ ತಳ್ಳಿಹಾಕುವ ಹಾಗಿರಲಿಲ್ಲ. ಕಳೆದ ತಿಂಗಳು ದನದ ಮೇವಿನ ಅಂಗಡಿಯ ಮುಂದೆ ಕೋಯ್ ತನ್ನ ಗಾಡಿಯನ್ನು ವೆಂಡಲ್‌ನ ವ್ಯಾನಿನ ಬಾಗಿಲಿಗೇ ಒತ್ತಿ ನಿಲ್ಲಿಸಿದ್ದ. ಕುರ್ಚಿ ಹತ್ತಿಸುವ ಇಳಿಜಾರು ಹಲಗೆ ಬಿಚ್ಚಲು ಜಾಗವಿಲ್ಲದೆ ವೆಂಡಲ್ ಒಂದು ಗಂಟೆ ಮಳೆಯಲ್ಲಿ ನೆನೆದ. ಇನ್ನೊಂದು ಸಲ ಹೀಗೆ ಮಾಡಿದರೆ ಗುಂಡಿಟ್ಟು ಸುಟ್ಟುಬಿಡುತ್ತೇನೆ ಎಂದು ಹತ್ತು ಜನರ ಎದುರು ಅಂದಿದ್ದ. ಭಾನುವಾರ ಮಧ್ಯಾಹ್ನ ಹೆಂಡತಿ ಲೋರ್ನಾ ವೃದ್ಧಾಶ್ರಮದ ಕೆಲಸಕ್ಕೆ ಹೋಗಿದ್ದಳು, ಮನೆಯಲ್ಲಿ ಅವನೊಬ್ಬನೇ. ಷರೀಫ್ ಗಡಿಯಾರ ನೋಡಿ, ಮಧ್ಯಾಹ್ನ ಮೂರು ಗಂಟೆಯೊಳಗೆ ಬೇರೆ ಹೆಸರು ತರದಿದ್ದರೆ ವೆಂಡಲ್ ಮೇಲೆ ಕೊಲೆಯ ಆರೋಪ ಹೊರಿಸುವುದಾಗಿ ಹೇಳಿದ. ಮಾತು ವೆಂಡಲ್‌ನ ಕಿವಿಗೂ ಬಿತ್ತು. ಚೀಲ ಹೊಲಿದವರು ಯಾರೆಂದು ನೋರಾ ಇನ್ನೊಮ್ಮೆ ಕೇಳಿದಳು. ಅವನು ಹೇಳಲಾರೆ ಎಂಬಂತೆ ತಲೆಯಾಡಿಸಿದ. ಜೈಲಿನ ಮಂಚದ ಮೇಲೆ ಹುಣ್ಣಾದರೆ ಈ ಸಲ ಉಳಿಯಲಿಕ್ಕಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹತ್ತು ಐವತ್ತಕ್ಕೆ ನೋರಾ ಮತ್ತು ಪೆಲ್ ಲಾಯದ ಮುಂದೆ ಮತ್ತೆ ಮಹಜರು ನಡೆಸಿದರು. ಶನಿವಾರ ಸುರಿದ ಮಳೆಗೆ ಅಂಗಳ ಇನ್ನೂ ಹಸಿಯಾಗಿತ್ತು. ಕುದುರೆಯ ಗೊರಸು, ಕೋಯ್‌ನ ಬೂಟು, ಇನ್ನೊಂದು ಜೊತೆ ಬೂಟು, ಎಲ್ಲವೂ ಮಣ್ಣಿನಲ್ಲಿ ಅಚ್ಚೊತ್ತಿದ ಹಾಗೆ ನಿಂತಿದ್ದವು. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಅಂಥ ಕೆಸರಿಗೆ ಇಳಿದರೆ ನೇಗಿಲಿನಂತೆ ಗೆರೆ ಎಳೆಯಬೇಕು. ಗೆರೆ ಇರಲಿಲ್ಲ. ವ್ಯಾನಿನ ಟಯರಿನ ಗುರುತೂ ಇರಲಿಲ್ಲ. ತೋಟಾ ಬಿದ್ದಿದ್ದ ಕಡೆ ಬಕೆಟ್ಟೊಂದು ಬೋರಲಾಗಿತ್ತು. ಅದರ ಅಂಚು ಮಣ್ಣಿನಲ್ಲಿ ಎರಡು ಬೆರಳು ಹೂತಿತ್ತು, ಮುಂದೆ ಎರಡು ಹಿಮ್ಮಡಿಯ ಕುಳಿ.

“ಯಾರೋ ಕೂತಿದ್ದಾರೆ,” ಎಂದ ಪೆಲ್, ಮೆಲ್ಲಗೆ.

“ಎದ್ದು ನಡೆದೂ ಹೋಗಿದ್ದಾರೆ. ಎರಡನ್ನೂ ಬರ್ಕೊ.”

ಹಾಗಾದರೆ ಪಿಸ್ತೂಲು ವೆಂಡಲ್‌ನಿಂದ ಅಗಲಿದ್ದು ಯಾವಾಗ? ಶನಿವಾರ ರಾತ್ರಿ ಪೆಟ್ಟಿಗೆಯಲ್ಲಿತ್ತು. ಭಾನುವಾರ ಬೆಳಿಗ್ಗೆ ತಾನೇ ಚೀಲಕ್ಕೆ ಹಾಕಿದ್ದ. ಕುರ್ಚಿಯ ಮೇಲೆ ಕೂತವನ ಕಾಲ ಸಂದಿಯಿಂದ ಯಾರೂ ಕದಿಯಲಾರರು. ಅವನು ಕುರ್ಚಿ ಬಿಟ್ಟಿದ್ದೆಲ್ಲಿ? ಒಂದೂವರೆಗೆ ಮಹಜರು ಮುಗಿಸಿ ಕಾರಿನಲ್ಲಿ ಹಿಂದಿರುಗುವಾಗ ನೋರಾಳಿಗೆ ಉತ್ತರ ಹೊಳೆಯಿತು. ಪ್ರತಿ ಭಾನುವಾರ ಅವಳೇ ಕಂಡದ್ದು ಅದು. ಚರ್ಚಿನಲ್ಲಿ ಎಲ್ಲರಂತೆ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂರಬೇಕೆಂಬುದು ವೆಂಡಲ್‌ನ ಹಟ. ತೋಳಿನ ಬಲದಲ್ಲಿ ಬೆಂಚಿಗೆ ಸರಿಯುತ್ತಾನೆ. ನಡುದಾರಿಗೆ ಅಡ್ಡವಾಗಬಾರದೆಂದು ಕುರ್ಚಿಯನ್ನು ಹಿಂದಿನ ಕೋಟಿನ ಕೋಣೆಗೆ ತಳ್ಳಿಕೊಂಡು ಹೋಗುತ್ತಾರೆ. ಪ್ರಾರ್ಥನೆ ಮುಗಿಯುವವರೆಗೆ, ಒಂದೂಕಾಲು ಗಂಟೆ, ಅದು ಅಲ್ಲೇ. ಪಿಸ್ತೂಲು ಮೈಮೇಲಿದ್ದಷ್ಟು ದಿನ ಆ ರೂಢಿಯಿಂದ ಕೇಡಿರಲಿಲ್ಲ. ಪಿಸ್ತೂಲು ಕುರ್ಚಿಗಿಳಿದ ಮೇಲೂ ರೂಢಿ ಹಾಗೇ ಉಳಿಯಿತು. ದೇವರ ಮನೆಯಲ್ಲಿ ಯಾರಿಗೂ ಆ ಯೋಚನೆ ಬರಲಿಲ್ಲ.

ಕುರ್ಚಿ ತಳ್ಳುವವನು, ಚರ್ಚಿನವರು ಬ್ರದರ್ ಎಂದು ಕರೆಯುವ ಹಾಯ್ಟ್ ಲಾಸಿಟರ್. ಎಪ್ಪತ್ತೊಂದು ವರ್ಷದ ಹಾಯ್ಟ್ ಕುದುರೆಯ ಜೀನು ಹೊಲಿಯುವವನು. ಸತ್ತ ಕೋಯ್ ಅವನ ಅಳಿಯ.

ನೋರಾ ಕಾರು ನಿಲ್ಲಿಸಿ ತೊಗಲಿನ ತುಂಡನ್ನು ಬೆಳಕಿಗೆ ಹಿಡಿದಳು. ಬೆಳಿಗ್ಗೆಯೇ ನೋಡಬೇಕಾಗಿದ್ದುದನ್ನು ಈಗ ನೋಡಿದಳು. ಕಳ್ಳ ಕತ್ತರಿಸಿದ ತುಂಡಿನ ಅಂಚು ಒರಟಾಗಿರಬೇಕು. ಇದರ ಅಂಚನ್ನು ಸುತ್ತಲೂ ಹೆರೆದು, ಮೇಣ ಹಚ್ಚಿ, ಗಾಜಿನಂತೆ ಹೊಳೆಯುವ ತನಕ ಉಜ್ಜಿದ್ದರು. ವೆಂಡಲ್ ಇದನ್ನು ಕೈಗೆತ್ತಿಕೊಂಡ ಕ್ಷಣವೇ ಇದು ಚೀಲ ಹೊಲಿದ ಕೈಯದೇ ಎಂದು ತಿಳಿದುಕೊಂಡಿದ್ದ.

ಎರಡು ಗಂಟೆ ಹತ್ತಕ್ಕೆ ಅವಳು ಹಾಯ್ಟ್‌ನ ಅಂಗಡಿಯ ಮುಂದೆ ನಿಂತು, ಒಳಗೆ ಹೋಗುವ ಮೊದಲು ಎರಡು ಮಾತು ಪ್ರಾರ್ಥಿಸಿದಳು. ಏನು ಬೇಡಬೇಕೆಂದು ತಿಳಿಯದೆ, ಕೈ ಬಿಡಬೇಡ ಎಂದಷ್ಟೇ ಬೇಡಿದಳು.

ಹಾಯ್ಟ್ ಗಿಡ್ಡ ಮಣೆಯ ಮೇಲೆ ಕೂತು ಕಡಿವಾಣವೊಂದನ್ನು ಹೊಲಿಯುತ್ತಿದ್ದ. ತುಂಡನ್ನು ಕಂಡು ಸೂಜಿ ಕೆಳಗಿಟ್ಟ. ಪೆಲ್ ಅವನ ಹಕ್ಕುಗಳನ್ನು ಓದಿ ಹೇಳಿದ. ವಕೀಲ ಬೇಡವೆಂದು ಹಾಯ್ಟ್ ಕೈಯಾಡಿಸಿದ.

“ಅಂಚು ಯಾಕೆ ಉಜ್ಜಿದೆ, ಬ್ರದರ್ ಹಾಯ್ಟ್?”

“ಒರಟಾಗಿ ಬಿಡೋಕೆ ಕೈ ಒಪ್ಪಲಿಲ್ಲ ತಾಯಿ. ಐವತ್ತು ವರ್ಷದ ಕೈ.”

ಮಿಕ್ಕದ್ದನ್ನು ಅವನೇ ಹೇಳಿದ. ಚರ್ಚಿನ ಊಟದಲ್ಲಿ ಹುರುಳಿಕಾಯಿ, ಜೋಳದ ರೊಟ್ಟಿ ತಿಂದು, ತಟ್ಟೆ ತೊಳೆದಿಟ್ಟು, ಕೋಯ್‌ನ ಅಂಗಳಕ್ಕೆ ಹೋದ. ಮೊಣಕಾಲು ಸಹಕರಿಸದೆ ಬಕೆಟ್ಟು ಬೋರಲು ಹಾಕಿ ಕೂತ. ಮಗಳು ಆರ್ಡಿತ್ ಮಾರ್ಚಿನಲ್ಲಿ ಮೆಟ್ಟಿಲಿನಿಂದ ಬಿದ್ದು ಸತ್ತಿದ್ದಳು. ನಿಜಕ್ಕೂ ಹೇಗೆ ಬಿದ್ದಳೆಂದು ಕೇಳಿದ. ನಿನ್ನ ಮಗಳಿಗೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ ಎಂದು ಕೋಯ್ ನಕ್ಕ.

“ಅವನು ನಿಜ ಹೇಳಿದ್ರೆ ಹೊಡೀತಿರಲಿಲ್ಲ ಅಂತ ದೇವರ ಮುಂದೆ ಹೇಳಲಾರೆ,” ಎಂದ ಹಾಯ್ಟ್. ಪಿಸ್ತೂಲು ಉಣ್ಣೆಯ ಮೂಟೆಯಡಿ ಇತ್ತು. ಬುಧವಾರದ ಪ್ರಾರ್ಥನೆಯ ಹೊತ್ತಿಗೆ ಮತ್ತೆ ಚೀಲದಲ್ಲಿಡುವ ಯೋಚನೆಯಂತೆ. ಎರಡು ಐವತ್ತಕ್ಕೆ ಬಂಧಿಸಿದರು. ಪೆಲ್ ಕೋಳವನ್ನು ಮುಂಗೈಗೆ ಸಡಿಲವಾಗಿ ಹಾಕಿದ.

ಕಚೇರಿಯ ಪಡಸಾಲೆಯಲ್ಲಿ ಹಳೆಯ ಗೆಳೆಯರಾದ ವೆಂಡಲ್, ಹಾಯ್ಟ್ ಇಬ್ಬರೂ ಎದುರಾದರು. ಹಾಯ್ಟ್ ನಿಂತುಬಿಟ್ಟ.

“ಕುರ್ಚಿ ಮೇಲಿರೋನ ಮೇಲೆ ಯಾರು ಅನುಮಾನ ಪಡ್ತಾರೆ ಅಂದ್ಕೊಂಡೆ ಕಣೋ.”

ವೆಂಡಲ್ ಕುರ್ಚಿಯನ್ನು ಅವನ ಎದುರಿಗೆ ತಂದು ನಿಲ್ಲಿಸಿದ.

“ಇವರೆಲ್ಲ ಬೆಳಿಗ್ಗೆಯಿಂದ ನಾನೇ ಕೊಂದೆ ಅಂತಿದ್ರು. ನನ್ನ ಕೈಲಾಗುತ್ತೆ ಅಂತ ಅವರಾದ್ರೂ ಅಂದ್ಕೊಂಡ್ರು, ಹಾಯ್ಟ್. ನೀನು ಅಂದ್ಕೊಳ್ಳಲಿಲ್ಲ.”

ವೆಂಡಲ್ ಕುರ್ಚಿ ತಿರುಗಿಸಿ, ಲೋರ್ನಾ ಕಾಯುತ್ತಿದ್ದ ಬಾಗಿಲ ಕಡೆಗೆ ಹೋದ. ಅವಳು ಹಿಂದಿನಿಂದ ತಳ್ಳಲು ಕೈ ನೀಡಿದಳು, ಅವನು ಬೇಡವೆಂದ.

ವರದಿಯಲ್ಲಿ ಕೃತ್ಯಕ್ಕೆ ಕಾರಣ ಬರೆಯುವ ಮುನ್ನ ನೋರಾ ಆರ್ಡಿತ್‌ಳ ಕಡತ ತರಿಸಿದಳು. ಮಾರ್ಚಿನಿಂದ ಮೇ ತನಕ ಮುದುಕ ಮೂರು ಸಲ ಬಂದು, ಮಗಳ ಕುತ್ತಿಗೆಯ ಮೇಲೆ ಬೆರಳಿನ ಗುರುತಿತ್ತು ಎಂದು ಹೇಳಿಕೆ ಕೊಟ್ಟಿದ್ದ. ಮೂರನೆಯ ಸಲದ ಬಳಿಕ ಅವನು ಕೋಯ್‌ನ ಗೇಟಿನ ಮುಂದೆ ಕೂಗಾಡಿದ್ದಕ್ಕೆ, ಕೋಯ್ ನ್ಯಾಯಾಲಯದಿಂದ ರಕ್ಷಣೆಯ ಆದೇಶ ತಂದಿದ್ದ. ಆ ಆದೇಶದಂತೆ ಹಾಯ್ಟ್‌ನ ಎರಡು ಬಂದೂಕುಗಳನ್ನು ಕಚೇರಿಯವರೇ ಮುಟ್ಟುಗೋಲು ಹಾಕಿಕೊಂಡಿದ್ದರು. ಕಡತದ ಕೊನೆಯ ಹಾಳೆಯಲ್ಲಿ “ಆಕಸ್ಮಿಕ ಸಾವು, ಮುಕ್ತಾಯ” ಎಂದಿತ್ತು. ಅದರ ಕೆಳಗಿನ ಸಹಿ ನೋರಾಳದೇ.

ಅವಳು ಪೆನ್ನು ತೆಗೆದುಕೊಂಡು ಕಾರಣದ ಸಾಲಿನಲ್ಲಿ ಬರೆದಳು: “ಆರೋಪಿಯು ಇದಕ್ಕೂ ಮೊದಲು ಮೂರು ಬಾರಿ ಈ ಕಚೇರಿಗೆ ಬಂದಿದ್ದನು.”